ಹದಿನಾರು ಕಾಲಿನ ಡ್ರೈವರ್

"ನಿಮ್ಮ ಡ್ರೈವರ್‌ಗೆ ತಲೆ ಕೆಟ್ಟೈತೆ. ಬಂದು ಕರ್ಕಂಡು ಹೋಗ್ರಿ."

ಹೊಳಲ್ಕೆರೆಯಿಂದ ಅತ್ತಿಗೆಯ ಫೋನು. ನಾನು ಚಿತ್ರದುರ್ಗದಲ್ಲಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಅತ್ತಿಗೆಯ ದನಿ ಫೋನಿನಿಂದ ಹೊರಗೂ ಕೇಳಿಸುವಂಥದ್ದು. ಪಕ್ಕದ ಮೇಡಂ ಹುಬ್ಬು ಹಾರಿಸಿ, "ಕಾರ್ ತಗೊಂಡ್ರಾ? ಹೇಳಲೇ ಇಲ್ಲ" ಎಂದರು. ಕಾರೂ ಇಲ್ಲ, ಮಣ್ಣೂ ಇಲ್ಲ. ಅತ್ತಿಗೆ ಬೈಯುತ್ತಿದ್ದದ್ದು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ, ಹದಿನಾರು ಕಾಲಿನ ಒಂದು ಚಿಪ್ಪನ್ನು. ಅದನ್ನು ಅವರ ಮನೆಗೆ ತಂದು ಗೋಡೆಗೆ ಹೊಡೆದವಳು ನಾನು. ಉಪಕಾರ ಮಾಡಲು ಹೋಗಿ ತಲೆನೋವು ತಂದುಕೊಂಡೆ.

ಇದೆಲ್ಲ ಶುರುವಾದದ್ದು ದೊಡ್ಡಮ್ಮನಿಂದ. ನನ್ನ ಅಮ್ಮನ ಅಕ್ಕ. ಆಕೆಯದು ಬಾಯಿಯಲ್ಲ, ಬೊಂಬಾಯಿ. ಬೀದಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯ ನಾಯಿ ಎದ್ದು ಕೂರುತ್ತಿತ್ತು. ಸೊಪ್ಪಿನವಳು ಬಂದರೆ ದೊಡ್ಡಮ್ಮ ಕೂಗಬೇಕು, ನಲ್ಲಿ ನೀರು ಬಂದರೆ ದೊಡ್ಡಮ್ಮ ಕೂಗಬೇಕು, ಯಾರ ಮನೆಯ ಎಮ್ಮೆ ಹಗ್ಗ ಬಿಚ್ಚಿಕೊಂಡರೂ ದೊಡ್ಡಮ್ಮ ಕೂಗಬೇಕು. ಬೇರೆಯವರು ಕೂಗಿದರೆ ಆ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅಂಥವಳಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಅದರ ಜೊತೆಗೆ ಮಾತೂ ಹೋಯಿತು. ಎಡಗೈ ಮೊದಲೇ ವಾತದಿಂದ ಸೊಟ್ಟಗಾಗಿತ್ತು. ಬೀದಿ ಕಿಟಕಿಯ ಪಕ್ಕ ಮಂಚ ಹಾಕಿ ಮಲಗಿಸಿದರು. ಅಷ್ಟು ದೊಡ್ಡ ಗಂಟಲಿನ ಹೆಂಗಸು "ಊಂ" ಎಂದು ನರಳುವುದು ಅಡುಗೆಮನೆಗೂ ಕೇಳಿಸದೆ ಹೋಯಿತು.

ಮನೆಯಲ್ಲಿ ಕೇಳಿಸಿಕೊಳ್ಳುವವರು ಇಬ್ಬರೇ. ದೊಡ್ಡಮ್ಮನ ಮಗ, ನಾನು ಅಣ್ಣ ಎನ್ನುವವನು, ಸುಟ್ಟ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ ಮಾಡುತ್ತಾನೆ. ಅವನ ಶೆಡ್ಡು ಹಿತ್ತಲಿನಲ್ಲಿದೆ, ಅಲ್ಲಿ ಯಾವಾಗಲೂ ಒಂದಲ್ಲ ಒಂದು ಮೋಟರು ಗುಂಯ್ಗುಡುತ್ತಿರುತ್ತದೆ. ಅತ್ತಿಗೆ ಅದಕ್ಕೂ ಹಿಂದಿನ ಕೊಟ್ಟಿಗೆಯಲ್ಲಿ ಎಮ್ಮೆಗಳ ಜೊತೆ. ದೊಡ್ಡಮ್ಮನ ಕೈಗೆ ಕರೆಗಂಟೆಯ ಗುಂಡಿ ಕೊಟ್ಟರು, ಒತ್ತಲಾಗಲಿಲ್ಲ. ತಟ್ಟೆ, ಚಮಚ ಕೊಟ್ಟರು, ಎತ್ತಲಾಗಲಿಲ್ಲ. ಒಂದು ಬೆರಳನ್ನು ಮೆಲ್ಲಗೆ ಎತ್ತಿ ಇಡುವುದಷ್ಟೇ ಅವಳಿಗೆ ಉಳಿದಿದ್ದ ಶಕ್ತಿ.

ಡಿಪ್ಲೊಮಾ ಹುಡುಗರಿಗೆ ನಾನು ವರ್ಷವಿಡೀ ಹೇಳಿಕೊಡುವುದೇ ಇದು: ಸಣ್ಣ ಸಿಗ್ನಲ್ಲಿನಿಂದ ದೊಡ್ಡ ಕೆಲಸ ಮಾಡಿಸುವುದು. ನಾಣ್ಯದಷ್ಟು ಅಗಲದ ಒಂದು ಟಚ್ ಬಿಲ್ಲೆ ತಂದೆ. ಬೆರಳು ತಾಗಿದರೆ ಸಾಕು, ಒತ್ತಬೇಕಿಲ್ಲ. ಆದರೆ ಅದು ಕೊಡುವ ಐದು ವೋಲ್ಟಿನ ಸಿಗ್ನಲ್ಲಿಗೆ ಒಂದು ಪುಟ್ಟ ದೀಪ ಉರಿಸುವಷ್ಟೇ ತ್ರಾಣ. ಮೊದಲು ಒಂದು ಬಝರ್ ಹಾಕಿದೆ. ಅಣ್ಣ ಕಿವಿಗೆ ಕೈ ಅಡ್ಡ ಹಿಡಿದು ಕೇಳಿ, "ಇದೇನವ್ವ, ಸೊಳ್ಳೆ ಅತ್ತಂಗೆ ಐತೆ" ಎಂದ. ಆಮೇಲೆ ತಾನೇ ಹೋಗಿ ಗುಜರಿಯಿಂದ ಒಂದು ಲಾರಿ ಹಾರ್ನ್ ಹೊತ್ತು ತಂದ.

ಲಾರಿ ಹಾರ್ನಿಗೆ ಹನ್ನೆರಡು ವೋಲ್ಟಿನ ಬ್ಯಾಟರಿ ಬೇಕು, ಅದು ಎಳೆಯುವ ಕರೆಂಟೂ ರಾಕ್ಷಸನದು. ನೇರ ಜೋಡಿಸಿದರೆ ನನ್ನ ಬಡಪಾಯಿ ಬೋರ್ಡು ಬೂದಿಯಾಗುತ್ತದೆ. ಹಾಗಾಗಿ ನಡುವೆ ಡ್ರೈವರ್ ಚಿಪ್ ಇಟ್ಟೆ. ಬಿಲ್ಲೆಯ ಸಿಗ್ನಲ್ ಚಿಪ್ಪನ್ನು ಎಬ್ಬಿಸುತ್ತದೆ, ಚಿಪ್ ರಿಲೇಯನ್ನು ಎಳೆಯುತ್ತದೆ, ರಿಲೇ ಟಿಕ್ ಎಂದು ಹಾರ್ನಿಗೆ ಬ್ಯಾಟರಿಯನ್ನು ಜೋಡಿಸುತ್ತದೆ.

ಅಣ್ಣ ಚಿಪ್ಪನ್ನು ಅಂಗೈಮೇಲೆ ಹೊರಳಿಸಿ ನೋಡಿದ. "ಲಾರಿ ಹಾರ್ನಿಗೆ ಈ ಜಿರಳೆನಾ?"

"ಕೆರೆ ತೂಬು ಎತ್ತೋನು ಕೆರೆ ನೀರು ಹೊತ್ಕಂಡು ಬರ್ತಾನೇನಣ್ಣ? ಬಾಗ್ಲು ತೆಗೀತಾನೆ ಅಷ್ಟೆ. ಹರಿಯೋ ನೀರು ಕೆರೇದು."

"ಏನಿದರ ಹೆಸರು?"

"ಡ್ರೈವರ್."

ಹೇಳಬಾರದಿತ್ತು. ಅವತ್ತಿನಿಂದ ಅದು ಆ ಮನೆಯಲ್ಲಿ ಒಬ್ಬ ಮನುಷ್ಯನಾಯಿತು. ಡ್ರೈವರ್ ಎದ್ದ, ಡ್ರೈವರ್ ಮಲಗಿದ, ಡ್ರೈವರ್‌ಗೆ ಸೊಕ್ಕು.

ಬಿಲ್ಲೆಯನ್ನು ಎಡಗೈ ಕೆಳಗೆ ಅಂಟಿಸಿದೆ. ಮೊದಲ ಸಲ ದೊಡ್ಡಮ್ಮ ಅದರ ಮೇಲೆ ಬೆರಳಿಟ್ಟಾಗ ಹಾರ್ನು ಹೊಡೆದ ರಭಸಕ್ಕೆ ಎಮ್ಮೆ ಬಕೆಟ್ಟು ಒದ್ದಿತು. ಅತ್ತಿಗೆ ಬೈಯುತ್ತಾ ಓಡಿ ಬಂದರು. ದೊಡ್ಡಮ್ಮನ ಮುಖದ ಅರ್ಧ ಮಾತ್ರ ನಕ್ಕಿತು, ಆದರೆ ಆ ಅರ್ಧ ಜೋರಾಗಿ ನಕ್ಕಿತು. ಬೇಡ ಬೇಡ ಅಂದರೂ ಮತ್ತೆ ಮತ್ತೆ ಹೊಡೆದಳು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅಳುವಷ್ಟು ಖುಷಿಯಾಗಿತ್ತು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. "ತಾನೇ ಬಡ್ಕಂತೈತ್ರೀ" ಎಂದು ಫೋನು. ಸುಮ್ಮಸುಮ್ಮನೆ ಹಾರ್ನು ಹೊಡೆಯುತ್ತದೆಯಂತೆ. ಅತ್ತಿಗೆ ಸೆಗಣಿ ಕೈಯಲ್ಲೇ ಓಡಿ ಬಂದು ನೋಡಿದರೆ ಹಾಸಿಗೆ ಒಣಗಿಯೇ ಇದೆ, ದಿಂಬು ಸರಿಯಾಗಿದೆ, ಏನೂ ಆಗಿಲ್ಲ. ದೊಡ್ಡಮ್ಮ ಪಕ್ಕದಲ್ಲಿದ್ದ ಲೋಟವನ್ನು ಕಣ್ಣಲ್ಲೇ ತೋರಿಸುತ್ತಾಳೆ. ನೀರು ಕುಡಿಸಲು ಹೋದರೆ ತುಟಿ ಬಿಗಿದು ಮುಖ ತಿರುಗಿಸುತ್ತಾಳೆ. ಅಷ್ಟರಲ್ಲಿ ಫ್ಯಾನು ನಿಧಾನವಾಗುತ್ತದೆ, ದೀಪ ಮಂಕಾಗುತ್ತದೆ, ಅಕ್ಕಪಕ್ಕದ ಮನೆಗಳಲ್ಲಿ ನೀರೆಳೆಯುವ ಮೋಟರುಗಳು ರೊಂಯ್ ಎನ್ನುತ್ತವೆ.

ಅಣ್ಣನ ತೀರ್ಪು ತಕ್ಷಣ ಬಂತು. "ಬೀದಿ ಮೋಟ್ರೆಲ್ಲ ಒಟ್ಟಿಗೆ ಆನ್ ಆಗ್ತಾವೆ, ಕರೆಂಟು ಕುಸೀತೈತೆ, ನಿನ್ನ ಡ್ರೈವರ್‌ಗೆ ಪಿತ್ತ ಏರ್ತೈತೆ. ಮೋಟ್ರು ವಿಷ್ಯ ನನಗೆ ಹೇಳ್ಕೊಡ್ತೀಯಾ?"

ಹಾಳಾದ್ದು, ನನ್ನ ಓದೂ ಅವನ ಮಾತಿಗೇ ತಾಳ ಹಾಕಿತು. ಮೋಟರು ಶುರುವಾದಾಗ ಕರೆಂಟಿನ ಲೈನಿನಲ್ಲಿ ಕೊಳೆ, ಅಂದರೆ ಅಡ್ಡಾದಿಡ್ಡಿ ಸಿಗ್ನಲ್ಲು, ಹರಿಯುವುದು ನಿಜ. ಟಚ್ ಬಿಲ್ಲೆ ಅದನ್ನು ಬೆರಳೆಂದು ತಿಳಿದು ಮೋಸಹೋಗುವುದೂ ನಿಜ. ರಿಲೇಯ ಸುರುಳಿ ಬಿಟ್ಟುಕೊಳ್ಳುವಾಗ ಹಿಂದಕ್ಕೆ ಒಂದು ಒದೆ ಕೊಡುತ್ತದೆ. ಆ ಒದೆ ತಡೆಯಲು ಚಿಪ್ಪಿನೊಳಗೇ ಡಯೋಡ್ ಇದೆ, ಅದರ ಕಾಲನ್ನು ಬ್ಯಾಟರಿಗೆ ಜೋಡಿಸುವುದನ್ನು ಹುಡುಗರೆಲ್ಲ ಮರೆಯುತ್ತಾರೆ. ನಾನು ಮರೆತಿರಲಿಲ್ಲ. ಆದರೂ ಬಿಚ್ಚಿ ನೋಡಿದೆ. ಚಿಪ್ ಬದಲಾಯಿಸಿದೆ. ಕೆಪಾಸಿಟರ್ ಹಾಕಿದೆ. ಬೋರ್ಡನ್ನು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಕೂರಿಸಿದೆ. ಚಿತ್ರದುರ್ಗಕ್ಕೆ ಹೊತ್ತು ತಂದು ಲ್ಯಾಬಿನ ಡ್ರಿಲ್ಲಿಂಗ್ ಮೆಷಿನ್ ಪಕ್ಕದಲ್ಲೇ ಇಟ್ಟು ಆನ್ ಆಫ್ ಮಾಡಿಸಿದೆ. ಒಂದು ಸಲ, ಒಂದೇ ಒಂದು ಸಲ ತಪ್ಪು ಮಾಡಲಿ ಎಂದು ಬೇಡಿಕೊಂಡೆ. ಕಲ್ಲಿನ ಹಾಗೆ ಕೂತಿತ್ತು. ಹೊಳಲ್ಕೆರೆಗೆ ಹೋದ ಮೇಲೆ ಮತ್ತೆ ಅದೇ ರಾಗ. ಥೂ ಇದರ! ಬಸ್ಸಿನ ಕಂಡಕ್ಟರು ಕೂಡ, "ಏನ್ ಮೇಡಮ್ಮರೇ, ಬಿಸ್ಕತ್ ಡಬ್ಬಿ ಮತ್ತೆ ಊರಿಗೆ ಹೊಂಟೈತಾ?" ಎಂದು ಆಡಿಕೊಂಡ.

ಅದಾದ ಮೇಲೆ ಬಂದದ್ದೇ ಸ್ಟಾಫ್ ರೂಮಿನ ಆ ಫೋನು. ಅತ್ತಿಗೆಯನ್ನು ಬೈಯುವ ಹಾಗಿರಲಿಲ್ಲ. ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ಅವರೇ. "ಸರಿಯಾಗಿ ಎಮ್ಮೆ ಹಾಲಿಳಿಸೋ ಹೊತ್ತಿಗೆ ಬಡ್ಕಂತೈತ್ರೀ. ಓಡಿ ಓಡಿ ಸಾಕಾಗೈತೆ. ಇತ್ತಾಗೆ ನಲ್ಲಿಗೆ ನೀರು ಬಂದಿದ್ದೂ ಗೊತ್ತಾಗಲ್ಲ, ಎಲ್ರ ಮೋಟ್ರೂ ಎಳ್ಕಂಡಮ್ಯಾಲೆ ನಮ್ಗೆ ಬರೀ ಗಾಳಿ." ಊರ ಮೋಟರುಗಳನ್ನೆಲ್ಲ ಕಟ್ಟಿಕೊಡುವ ಅಣ್ಣನ ಸ್ವಂತ ಮನೆಯ ಮೋಟರು ಸುಟ್ಟು ಅಟ್ಟ ಸೇರಿತ್ತು. ನಾಳೆ ಕಟ್ತೀನಿ, ನಾಳೆ ಕಟ್ತೀನಿ ಎನ್ನುತ್ತಲೇ ಇದ್ದ. ಆಮೇಲೆ ಅತ್ತಿಗೆ ದನಿ ತಗ್ಗಿಸಿ ಹೇಳಿದರು: "ಹಿಂಗೇ ಆದ್ರೆ ಒಂದಿನ ಅತ್ತೆ ನಿಜವಾಗ್ಲೂ ಕರೀತಾರೆ, ನಾನು ಡ್ರೈವರ್ ಅನ್ಕಂಡು ಸುಮ್ನೆ ಕುಂತಿರ್ತೀನಿ. ನೀವೇ ಬಂದು ಕಿತ್ತಾಕ್ರಿ."

ಭಾನುವಾರ ಕಟ್ಟರ್, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಚಿಪ್ಪನ್ನು ಬೈದೆ, ಅಣ್ಣನನ್ನು ಬೈದೆ, ನನಗೆ ಪಾಠ ಕಲಿಸಿದವರನ್ನೂ ಬೈದೆ.

ಕಿತ್ತುಹಾಕುವುದು ಎಂದರೆ ದೊಡ್ಡಮ್ಮನ ಬಾಯಿಯನ್ನು ಎರಡನೇ ಸಲ ಕಟ್ಟುವುದು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಚೀಲದಿಂದ ಕಟ್ಟರ್ ತೆಗೆದದ್ದನ್ನು ಅವಳು ನೋಡಿದಳು. "ಇದಕ್ಕಿಂತ ಚೆನ್ನಾಗಿರೋದು ಮಾಡ್ಕೊಡ್ತೀನಿ ದೊಡ್ಡಮ್ಮ" ಎಂದೆ. ಬರೀ ಸುಳ್ಳು, ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಅವಳು ಮುಖವನ್ನು ಕಿಟಕಿಯ ಕಡೆ ಹೊರಳಿಸಿದಳು. ನಾನು ಹಾರ್ನಿನ ತಂತಿಯನ್ನು ಕತ್ತರಿಸಿದೆ. ಅಣ್ಣ ಶೆಡ್ಡಿಗೆ ಹೋದ, ಅತ್ತಿಗೆ ಕೊಟ್ಟಿಗೆಗೆ ಹೋದರು. ನಾನು ಡಬ್ಬಿಯ ಮುಚ್ಚಳ ತೆಗೆದು ಗೋಡೆಯ ಸ್ಕ್ರೂ ಬಿಚ್ಚತೊಡಗಿದೆ.

ಟಿಕ್.

ರಿಲೇ. ಹಾರ್ನಿನ ತಂತಿ ಕತ್ತರಿಸಿದ್ದರೂ ಚಿಪ್ಪಿಗೂ ರಿಲೇಗೂ ಇನ್ನೂ ಬ್ಯಾಟರಿ ಇತ್ತು. ಟಿಕ್, ಟಿಕ್. "ಸಾಯೋ ಹೊತ್ನಲ್ಲೂ ಚೇಷ್ಟೆ ಬಿಡಲ್ವಲ್ಲೋ ನೀನು" ಎಂದು ಗದರಿಸಿದೆ. ನಾನೂ ಅದನ್ನು ಮನುಷ್ಯನಂತೆ ಮಾತಾಡಿಸುವ ಮಟ್ಟಕ್ಕೆ ಇಳಿದಿದ್ದೆ. ಯಾರ ಮನೆಯ ಮೋಟರು ಶುರುವಾಯಿತೋ ಎಂದು ಕಿವಿಗೊಟ್ಟೆ. ಹಿತ್ತಲಿನ ಶೆಡ್ಡಿನ ಗುಂಯ್ ಬಿಟ್ಟರೆ ಬೀದಿಯಲ್ಲಿ ಎಲ್ಲೂ ಮೋಟರಿಲ್ಲ. ತಲೆಯೆತ್ತಿ ಫ್ಯಾನು ನೋಡಿದೆ, ಒಂದೇ ಸಮನೆ ತಿರುಗುತ್ತಿದೆ. ಟಿಕ್, ಟಿಕ್, ಟಿಕ್.

ತಿರುಗಿ ನೋಡಿದರೆ ದೊಡ್ಡಮ್ಮನ ಸೊಟ್ಟ ಬೆರಳು ಬಿಲ್ಲೆಯ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ಬಿದ್ದಾಗಲೆಲ್ಲ ಒಂದು ಟಿಕ್. ಹಣೆಯಲ್ಲಿ ಬೆವರು ಮೂಡಿತ್ತು. ಕಣ್ಣು ನನ್ನ ಮೇಲೆ, ಆಮೇಲೆ ಲೋಟದ ಮೇಲೆ, ಆಮೇಲೆ ಕಿಟಕಿಯ ಆಚೆ. ನಾನೆಂಥ ಪೆದ್ದಿ, ಲೋಟಕ್ಕೇ ಕೈ ಹಾಕಿದೆ.

ಆಗ ಕೇಳಿಸಿತು. ಕಿಟಕಿಯ ಹೊರಗೆ, ಜಗುಲಿಯ ಕೆಳಗಿನ ನಲ್ಲಿಯಲ್ಲಿ, ಸುಸ್ ಎಂದು ಗಾಳಿ.

ನೀರು ಬರುವ ಮುಂಚೆ ಪೈಪಿನಲ್ಲಿ ಬರುವ ಗಾಳಿ. ದೊಡ್ಡಮ್ಮ ಜೀವಮಾನವಿಡೀ ಬೀದಿಗೆಲ್ಲ ಮೊದಲು ಕೇಳಿಸಿಕೊಂಡು "ನೀರ್ ಬಂತ್ರೇ!" ಎಂದು ಕೂಗುತ್ತಿದ್ದುದು ಆ ಸದ್ದಿಗೆ. ಅವಳು ಕರೆಯುತ್ತಿದ್ದಳು, ನಾವು ಬಂದು ಹಾಸಿಗೆ ಮುಟ್ಟಿ ನೋಡಿ, ಬಾಯಿಗೆ ಲೋಟ ಹಿಡಿದು ಹೋಗುತ್ತಿದ್ದೆವು. ಅಷ್ಟರಲ್ಲಿ ಅಕ್ಕಪಕ್ಕದವರು ಮೋಟರು ಹಾಕುತ್ತಿದ್ದರು. ಮೊದಲು ಹಾರ್ನು, ಆಮೇಲೆ ಮೋಟರು. ನಾವು ಮೂವರೂ ಅದನ್ನು ಹಿಂದುಮುಂದಾಗಿ ಓದಿದ್ದೆವು. ಚಿಪ್ ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಟಿಕ್, ಟಿಕ್. ಹಾರ್ನಿಲ್ಲ. ದೊಡ್ಡಮ್ಮ ಬಾಯಿಲ್ಲದೆ ಕಿರುಚುತ್ತಿದ್ದಳು.

ತಂತಿ ಬೆಸೆಯಲು ಪುರಸೊತ್ತೆಲ್ಲಿ? ಕತ್ತರಿಸಿದ ಎರಡು ತುದಿಗಳನ್ನು ಹಲ್ಲಲ್ಲಿ ಸುಲಿದು, ಬೆರಳಲ್ಲಿ ಒತ್ತಿ ಹಿಡಿದೆ. ಕಿಡಿ ಹಾರಿತು, ಹಾರ್ನು ಮನೆ ನಡುಗುವಂತೆ ಹೊಡೆಯಿತು.

ಅತ್ತಿಗೆ ಕೊಟ್ಟಿಗೆಯಿಂದ ಓಡಿ ಬಂದರು. ಬಂದವರೇ ಅಭ್ಯಾಸದಂತೆ ಲೋಟ ಎತ್ತಿಕೊಂಡರು. "ಕತ್ತರಿಸಿದ್ರಲ್ರೀ! ಮತ್ತೆ ಬಡ್ಕಂತೈತಲ್ಲ!"

"ಲೋಟ ಬಿಡ್ರಿ ಅತ್ತಿಗೆ, ಕೊಡ ತಗಳ್ರಿ! ನೀರು ಬಂದೈತೆ! ದೊಡ್ಡಮ್ಮ ಕರೀತಾಳೆ!"

ಅತ್ತಿಗೆ ನಿಂತಲ್ಲೇ ನಿಂತರು. ಕಿಟಕಿಯಾಚೆ ನಲ್ಲಿ ಕೆಮ್ಮಿ ಕೆಮ್ಮಿ ಮೊದಲ ನೀರು ಉಗುಳಿತು. ಅವರು ಅದನ್ನು ನೋಡಿದರು, ಆಮೇಲೆ ಬಿಲ್ಲೆಯ ಮೇಲಿದ್ದ ಬೆರಳನ್ನು ನೋಡಿದರು. "ಅಯ್ಯೋ ನನ್ನತ್ತೆ, ಇಷ್ಟು ದಿನ ನೀವಾ?" ಎಂದವರು ಸೆರಗಿನಲ್ಲಿ ಮೂಗೊರೆಸಿಕೊಂಡು, ಎರಡು ಕೊಡ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಓಡಿದರು. ಎದುರು ಮನೆಯ ಬಾಗಿಲು ತೆಗೆಯಿತು, ಅದರಾಚೆಯ ಮನೆಯದೂ ತೆಗೆಯಿತು. ಬೀದಿಯ ಹೆಂಗಸರು ಕೊಡ ಹಿಡಿದು ಆಚೆ ಬರತೊಡಗಿದರು.

ದೊಡ್ಡಮ್ಮ ನನ್ನನ್ನು ನೋಡಿದಳು. ಬಾಯಿ ಇದ್ದಿದ್ದರೆ ಏನು ಅನ್ನುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತು, ಚಿಕ್ಕಂದಿನಿಂದ ಕೇಳಿಸಿಕೊಂಡದ್ದೇ: ಲೇ ದಡ್ಡಿ.

ತಂತಿ ಕಾದು ನನ್ನ ಬೆರಳು ಸುಡುತ್ತಿತ್ತು. ಅತ್ತಿಗೆಯ ಎರಡೂ ಕೊಡ ತುಂಬುವವರೆಗೂ ದೊಡ್ಡಮ್ಮ ಬೆರಳು ಎತ್ತಲಿಲ್ಲ, ನಾನೂ ತಂತಿ ಬಿಡಲಿಲ್ಲ.