ಲಲಿತಮ್ಮನವರ ಕ್ಯಾಪ್, ರಾಜಮ್ಮನವರ ಕೋಡುಬಳೆ

ರಾಜಮ್ಮನವರೇ, ನಿಮ್ಮ ಓರಗಿತ್ತಿ ಲಲಿತಮ್ಮನವರ ಹಲ್ಲಿನ ಕ್ಯಾಪ್ ಒಡೆದದ್ದು ನಿಮ್ಮ ಕೋಡುಬಳೆಯಿಂದಲ್ಲ. ಅದನ್ನು ನಾನೇ ಸರಿಯಾಗಿ ಅಂಟಿಸಿರಲಿಲ್ಲ. ನನಗೆ ಅದು ಆಗಲೇ ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ.

ಇಷ್ಟು ವರ್ಷ ಇದನ್ನು ಬಚ್ಚಿಟ್ಟುಕೊಂಡು ಸುಖವಾಗಿಯೇ ಇದ್ದೆ, ಅದನ್ನೂ ಹೇಳಿಬಿಡುತ್ತೇನೆ. ಚಾಮರಾಜಪೇಟೆಯ ಈ ಸಣ್ಣ ಕ್ಲಿನಿಕ್ಕು, ಮೊದಲು ನನ್ನ ಮಗಳ ಯೋಗಕ್ಷೇಮ ಕೇಳಿ ಆಮೇಲೆ ಬಾಯಿ ತೆರೆಯುವ ಪೇಷೆಂಟುಗಳು, ಮಧ್ಯಾಹ್ನ ಮನೆಗೆ ನಡೆದುಹೋಗಿ ಊಟ, ಮೇಲೊಂದು ಸಣ್ಣ ನಿದ್ದೆ — ಹಲ್ಲಿನ ಡಾಕ್ಟರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಪಶ್ಚಾತ್ತಾಪದಿಂದ ನಿದ್ದೆಗೆಟ್ಟೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆದರೆ ನೀವು ಬಂದು ಎದುರಿಗೆ ಕೂತಾಗ ಮಾತ್ರ ನಿಮ್ಮ ಮುಖ ನೋಡಲು ಕಷ್ಟವಾಗುತ್ತಿತ್ತು.

ಕ್ಯಾಪ್ ಕೂರಿಸಿದ ದಿನ ಶುಕ್ರವಾರ. ಲಲಿತಮ್ಮನವರು ಪೂಜೆ ಮುಗಿಸಿ ಬರುವಷ್ಟರಲ್ಲಿ ಹತ್ತು ಗಂಟೆ ದಾಟಿತ್ತು. ಕುರ್ಚಿಗೆ ಒರಗಿದವರೇ, "ಡಾಕ್ಟ್ರಮ್ಮ, ಹತ್ತೂವರೆಗೆ ರಾಹುಕಾಲ ಬರತ್ತೆ. ಅಷ್ಟರೊಳಗೆ ಕೂರಿಸ್ಬಿಡಿ" ಎಂದರು. ನಾನು ರಾಹುಕಾಲ ನೋಡುವವಳಲ್ಲ. ಆದರೆ ಪೇಷೆಂಟುಗಳು ನೋಡುತ್ತಾರಲ್ಲ — ನಮ್ಮ ಪೇಟೆಯಲ್ಲಿ ಹಲ್ಲು ನೋಡಬೇಕಾದರೆ ಪಂಚಾಂಗವೂ ಸ್ವಲ್ಪ ಗೊತ್ತಿರಬೇಕು.

ಆ ಕ್ಯಾಪ್ ಗಾಜಿನಂಥ ತೆಳು ಪಿಂಗಾಣಿಯದು. ನೋಡಲು ಸ್ವಂತ ಹಲ್ಲಿನ ಹಾಗೇ ಇರುತ್ತದೆ. ಆದರೆ ಎಷ್ಟು ದಿನ ತಾಳುತ್ತದೆ ಎನ್ನುವುದು ಅಂಟಿಸುವ ಕೈಯಲ್ಲಿದೆ. ಒಳಮೈಗೆ ಆಸಿಡ್ ಹಚ್ಚಿ ತರಿತರಿ ಮಾಡಬೇಕು, ತೊಳೆದು ಒಣಗಿಸಬೇಕು, ಅಂಟು ಹಿಡಿಸುವ ದ್ರವ ಸವರಬೇಕು, ಹಲ್ಲಿಗೆ ಎಂಜಲು ತಾಗದಂತೆ ಕಾಯ್ದುಕೊಂಡು ರೆಸಿನ್ ಸಿಮೆಂಟಿನಲ್ಲಿ ಕೂರಿಸಬೇಕು. ಆಗ ಹಲ್ಲೂ ಕ್ಯಾಪೂ ಒಂದಾಗಿ, ಅಗಿಯುವ ಭಾರವನ್ನು ಎರಡೂ ಸೇರಿ ಹೊರುತ್ತವೆ. ಇಲ್ಲವಾದರೆ ಪಿಂಗಾಣಿ ಒಳಗಿನಿಂದಲೇ ಬಿರುಕು ಬಿಡುತ್ತದೆ. ನಾನು ಇದ್ಯಾವುದನ್ನೂ ಮಾಡಲಿಲ್ಲ. ಮಾಮೂಲಿ ಸಿಮೆಂಟು ಕಲಸಿ, ಒತ್ತಿ ಕೂರಿಸಿಬಿಟ್ಟೆ. ಹೇಳಿದ ಹೊತ್ತಿಗೆ ಮುಗಿಸಿದೆನಲ್ಲ ಎಂದು ಬೀಗಿದ್ದೂ ಉಂಟು. ರಾಹುಕಾಲ ಕಳೆದ ಮೇಲೆ, ಹನ್ನೆರಡರ ನಂತರ ಬನ್ನಿ ಎಂದಿದ್ದರೆ ಅವರು ನಗುತ್ತಲೇ ಬರುತ್ತಿದ್ದರು — ನಾನು ಹೇಳಲೇ ಇಲ್ಲ.

ಕೆಲವು ತಿಂಗಳ ಮೇಲೆ ನೀವಿಬ್ಬರೂ ಒಟ್ಟಿಗೆ ಬಂದಿರಿ. ಒಡೆದ ಚೂರುಗಳನ್ನು ಕುಂಕುಮದ ಡಬ್ಬಿಯಲ್ಲಿ ಹಾಕಿಕೊಂಡು ತಂದಿದ್ದಿರಿ. ಒಂದು ಚೂರನ್ನು ತಿರುಗಿಸಿ ನೋಡಿದೆ. ಆಸಿಡ್ ತಾಗಿದ್ದರೆ ಮಂಕಾಗಿರಬೇಕಿದ್ದ ಒಳಮೈ ನುಣ್ಣಗೆ ಹೊಳೆಯುತ್ತಿತ್ತು. ಸಿಮೆಂಟು ಅದಕ್ಕೆ ಕಚ್ಚಿಕೊಂಡೇ ಇರಲಿಲ್ಲ. ಅಷ್ಟು ಸಾಕಿತ್ತು ನನಗೆ. ಚೂರನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ.

"ಏನು ತಿಂದ್ರಿ?" ಎಂದೆ.

"ಕೋಡುಬಳೆ. ನಮ್ಮ ರಾಜಮ್ಮನೇ ಮಾಡಿದ್ದು."

"ಹಿಟ್ಟಿನ ಹದ ತಪ್ಪಿ ಗಟ್ಟಿಯಾಗಿತ್ತೇನೋ."

ಇಷ್ಟೇ ನಾನು ಆಡಿದ ಮಾತು. ಬೀದಿಯಲ್ಲಿ ಯಾರ ಮನೆಯ ನಾಮಕರಣವಾದರೂ ಕೋಡುಬಳೆಗೆ ನಿಮ್ಮನ್ನೇ ಕರೆಯುತ್ತಿದ್ದರು — ನನಗೆ ಗೊತ್ತಿರಲಿಲ್ಲವೇ? ನೀವು ನಿಮ್ಮ ಅಂಗೈ ನೋಡಿಕೊಂಡಿರಿ. "ಮುಂಚೆ ಹೀಗಾಗ್ತಿರ್ಲಿಲ್ಲ" ಎಂದು ಮೆಲ್ಲಗೆ ಹೇಳಿದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು...

ಹೊಸ ಕ್ಯಾಪನ್ನು ದುಡ್ಡು ತೆಗೆದುಕೊಳ್ಳದೆ ಹಾಕಿದೆ, ಈ ಸಲ ಎಲ್ಲವನ್ನೂ ಕ್ರಮವಾಗಿ ಮಾಡಿ. ನಿಮ್ಮ ಮನೆಯಲ್ಲಿ ನನ್ನನ್ನು ದೊಡ್ಡ ಮನಸ್ಸಿನವಳು ಎಂದು ಹೊಗಳಿದರಂತೆ. ಆ ಹೊಗಳಿಕೆಯನ್ನೂ ನಾಚಿಕೆಯಿಲ್ಲದೆ ಇಟ್ಟುಕೊಂಡೆ. ಲಲಿತಮ್ಮನವರು ಈಗ ಅದೇ ಹಲ್ಲಿನಲ್ಲಿ ಅಂಗಡಿಯ ನಿಪ್ಪಟ್ಟನ್ನು ಕಟಕಟ ಅಗಿಯುತ್ತಾರೆ. ಅಂಗಡಿಯದು ಏಕೆಂದರೆ, ಅತ್ತೆಗೆ ವಯಸ್ಸಾಯಿತು, ಕೈಹದ ಹೋಯಿತು ಎಂದು ನಿಮ್ಮ ಸೊಸೆ ನಿಮ್ಮನ್ನು ಬಾಣಲೆಯ ಹತ್ತಿರ ಬಿಡುವುದಿಲ್ಲ. ಹೋದ ವಾರ ಕ್ಲಿನಿಕ್ಕಿಗೆ ಬಂದಾಗ ನೀವೇ ನಗುತ್ತಾ ಹೇಳಿದಿರಿ, "ಒಳ್ಳೇದೇ ಆಯ್ತು ಡಾಕ್ಟ್ರಮ್ಮ, ಎಣ್ಣೆ ಮುಂದೆ ನಿಲ್ಲೋದು ತಪ್ತು" ಎಂದು. ನಿಮ್ಮ ಜೊತೆ ನಾನೂ ನಕ್ಕೆ. ನೀವು ಹೋದ ಮೇಲೆ ಮುಂದಿನ ಪೇಷೆಂಟನ್ನು ಒಳಗೆ ಕರೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಇವತ್ತು ಬೆಳಿಗ್ಗೆ ಲಲಿತಮ್ಮನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, "ನನ್ನ ಹಲ್ಲು ಹಾಳಾಗ್ಲಿ ಬಿಡಿ. ರಾಜಮ್ಮ ಈಗ್ಲೂ ಸಾರಿಗೆ ಉಪ್ಪು ಸರಿ ಇದ್ಯಾ ನೋಡಿ ಅಕ್ಕ ಅಂತ ನನ್ನನ್ನೇ ಕರೀತಾಳೆ. ಅವಳ ನಾಲಿಗೆ ಮೇಲೆ ಅವಳಿಗೇ ನಂಬಿಕೆ ಇಲ್ಲ" ಎಂದರು.

ಕರಿಯುವುದೊಂದನ್ನೇ ಬಿಟ್ಟಿದ್ದೀರಿ ಎಂದು ನಾನು ತಿಳಿದಿದ್ದೆ, ರಾಜಮ್ಮನವರೇ. ಇಷ್ಟು ದೂರ ಹೋಗಿದೆ ಎಂದು — ಇಲ್ಲ, ಗೊತ್ತಿರಲಿಲ್ಲ ಎನ್ನುವುದು ಉತ್ತರವಲ್ಲ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಹದ ತಪ್ಪಿದ್ದು ನನ್ನ ಕೈ ಎಂದು ನಿಮ್ಮ ಸೊಸೆಯ ಎದುರಿಗೇ ಹೇಳುತ್ತೇನೆ.