ಮುತ್ತಕ್ಕ ದೂರು ಹೇಳಿದ ಗೊಂಬೆಗಳು

ಮುತ್ತಕ್ಕನ ಹೆಬ್ಬೆರಳಿನಿಂದ ತಪ್ಪಿಸಿಕೊಂಡ ಮಹಾವೀರ ನನ್ನ ಅಂಗಡಿಯಲ್ಲಿ ಒಬ್ಬನೂ ಇರಲಿಲ್ಲ. ಮೇಲಂಗಿ ತೊಟ್ಟು ಹಾರುವವನಿರಲಿ, ಮುಖವಾಡದವನಿರಲಿ, ಟಿ.ವಿ.ಯ ಯಂತ್ರಮಾನವನೇ ಇರಲಿ, ಅಂಗಾತ ಮಲಗಿಸಿ ಮೊದಲು ಹೊಟ್ಟೆ ಒತ್ತುತ್ತಿದ್ದಳು. ಆಮೇಲೆ ಕಣ್ಣು ನೋಡುವುದು, ಕುತ್ತಿಗೆ ತಿರುಗಿಸಿ ಕಿವಿಯ ಹಿಂದೆ ಇಣುಕುವುದು, ಕೊನೆಗೆ ಮೂಸುವುದು. ಸಾಲಿಗ್ರಾಮದ ಸಸ್ಯಾಹಾರಿ ಮನೆಯವನಾದ ನನಗೇನು ಗೊತ್ತು, ಬಂಗ್ಡೆ ಮೀನನ್ನು ನೋಡುವ ಕ್ರಮವೇ ಅದಂತೆ. ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಗಿರಾಕಿಗಳು ಅವಳ ಮೀನಿಗೆ ಮಾಡಿದ್ದನ್ನು ಸಂಜೆ ಅವಳು ನನ್ನ ಗೊಂಬೆಗಳಿಗೆ ಮಾಡುತ್ತಿದ್ದಳು.

ಕುಂದಾಪುರದ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಫ್ಯಾನ್ಸಿ ಸ್ಟೋರ್. ಊರಿಗೆ ಕೇಬಲ್ ಟಿ.ವಿ. ಬಂದ ಹೊಸತರಲ್ಲಿ, ಮಕ್ಕಳು ಕೇಳುತ್ತಾರೆಂದು, ಬಳೆ ರಿಬ್ಬನ್ನುಗಳ ಪಕ್ಕದಲ್ಲಿ ಈ ಗೊಂಬೆಗಳಿಗೂ ಒಂದು ಕಪಾಟು ಕೊಟ್ಟೆ. ಗಂಟುಬಿದ್ದದ್ದು ಮಾತ್ರ ಮುತ್ತಕ್ಕ. ಮೀನು ಮಾರಿ ಮುಗಿಸಿ, ತನ್ನೂರು ತ್ರಾಸಿಯ ಬಸ್ಸು ಬರುವ ತನಕ, ಖಾಲಿ ಬುಟ್ಟಿಯನ್ನು ಮೆಟ್ಟಿಲ ಮೇಲೆ ಕವುಚಿಟ್ಟು ಒಳಗೆ ಬರುವಳು. ಬಳೆಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

"ನಿಂಗೆಂತಕ್ಕ್ ಮುತ್ತಕ್ಕ ಈ ಗೊಂಬಿ ಹುಚ್ಚ್?" ಎಂದು ಒಮ್ಮೆ ಕೇಳಿದ್ದೆ.

"ಬೆಳಿಗ್ಗೆ ನಾ ತಲಿ ಮೇಲ್ ಹೊತ್ಕಂಡ್ ಬಪ್ಪುದೆಲ್ಲ ಬೈಸರಿ ಹೊತ್ತಿಗೆ ಹಾಳಾತ್ತ್ ಮಾರಾಯ. ಇವ್ ಹಾಳಾತಿಲ್ಲ ಕಾಣ್."



ಇಂಥ ಗೊಂಬೆ ಕೂಡಿಡುವ ದೊಡ್ಡ ಮನುಷ್ಯರು ಡಬ್ಬ ಒಡೆಯುವುದೇ ಇಲ್ಲ, ಒಡೆದರೆ ಬೆಲೆ ಹೋಯಿತು ಎಂದು ನಾನು ಸಾರಿ ಸಾರಿ ಹೇಳಿದ್ದೆ. "ಮುಚ್ಚಿದ್ ಬುಟ್ಟಿ ಮೀನ್ ಯಾರ್ ತಕಂತ್ರ್?" ಎನ್ನುತ್ತಲೇ ಡಬ್ಬವನ್ನು ಪರ್ರನೆ ಹರಿಯುವಳು. ಹರಿದ ಮೇಲೆ ದೂರು ಶುರು. "ಕಣ್ ಕಾಣ್, ಐಸಂಗಿಟ್ಟ್ ಮೀನಿನ್ ಕಣ್ಣ್. ಹೊಟ್ಟಿ ಟೊಳ್ಳ್. ಇದ್ ಮೊನ್ನಿದ್ ಮಾಲ್." ಅಷ್ಟೆಲ್ಲ ಹೇಳಿ, ಚೌಕಾಸಿ ಮಾಡಿ, ಅದನ್ನೇ ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದಳು.

ನನಗೆ ಹಠ ಹುಟ್ಟಿತು. ಸತ್ತರೂ ಸರಿ, ಈ ಹೆಂಗಸಿನ ಬಾಯಲ್ಲಿ ಒಂದು ಸಲ "ಲಾಯ್ಕ್ ಇತ್ತ್", ಚೆನ್ನಾಗಿದೆ, ಎಂದು ಕೇಳಬೇಕು. ಮುಂಬೈಗೆ ಮಾಲು ತರಲು ಹೋದಾಗ ಮೊಣಕಾಲೆತ್ತರದ ಒಬ್ಬ ವೀರನ ಪ್ರತಿಮೆ ತಂದೆ. ಚಿನ್ನದ ಬಣ್ಣದ ಕವಚ, ಎತ್ತಿ ಹಿಡಿದ ಕತ್ತಿ. ಅವನಿಗೆಂದೇ ಗಾಜಿನ ಪೆಟ್ಟಿಗೆ ಮಾಡಿಸಿದೆ.

ಮುತ್ತಕ್ಕ ಅದನ್ನು ಮುಟ್ಟಲಿಲ್ಲ, ಒತ್ತಲಿಲ್ಲ, ಮೂಸಲಿಲ್ಲ. "ಅಬ್ಯಾ! ಲಾಯ್ಕ್ ಇತ್ತ್ ಮಾರಾಯ, ಭಾರಿ ಲಾಯ್ಕ್ ಇತ್ತ್" ಎಂದು ಬುಟ್ಟಿ ಎತ್ತಿಕೊಂಡು ಹೊರಟಳು. ಆ ಸಂಜೆ ನಾನು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಚಾ ಕುಡಿಸಿದೆ.

ಪ್ರತಿಮೆಯನ್ನು ಯಾರೂ ಕೊಳ್ಳಲಿಲ್ಲ. ಎರಡನೇ ಮಳೆಗಾಲಕ್ಕೆ ಕವಚದ ಬಣ್ಣ ಸಿಪ್ಪೆ ಎದ್ದಿತು, ಆಮೇಲೆ ಕತ್ತಿ ಹಿಡಿದ ಕೈಯೇ ಕಳಚಿತು. ಗಮ್ ಹಾಕಿ ಅಂಟಿಸಿದೆ. ಮುತ್ತಕ್ಕ ಮಾತ್ರ ಅದರೆದುರು ಹಾದುಹೋಗುವಾಗಲೆಲ್ಲ "ಲಾಯ್ಕ್ ಇತ್ತ್" ಎನ್ನುವಳು, ನಾನು ಉಬ್ಬುವೆ. ಹೀಗೇ ವರ್ಷಗಳು ಕಳೆದವು.

ಕಾಲುನೋವಿಗೆ ಅವಳ ವ್ಯಾಪಾರ ನಿಂತಿತು. ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ತ್ರಾಸಿಗೆ ಹೋದೆ. ಮುಖ ಬತ್ತಿ ಹೋಗಿತ್ತು. ಕಂಡವನೇ, ರೋಗಿಗೆ ಎಲ್ಲರೂ ಹೇಳುವ ಹಾಗೆ, "ನೀ ಲಾಯ್ಕ್ ಇದ್ದೆ ಅಕ್ಕ, ನಿಂಗೆಂತ ಆಯ್ತ್?" ಎಂದೆ. ಅವಳು ನಕ್ಕಳು.

ತಲೆಯ ಬಳಿಯ ಹಲಗೆಯ ಮೇಲೆ ಗೊಂಬೆಗಳು ಸಾಲಾಗಿ ನಿಂತಿದ್ದವು. ಕಡಲ ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿದಿದ್ದರೂ ಅವುಗಳ ಬಣ್ಣ ಕೆಟ್ಟಿರಲಿಲ್ಲ.

"ಇವೆಲ್ಲ ನೀ ದೂರ್ ಹೇಳಿದ್ದೇ ಅಲ್ದಾ ಅಕ್ಕ?"

"ಸಾಲಿಗ್ರಾಮದ್ ಸೊಪ್ಪ್ ತಿಂಬವ, ನಿಂಗ್ ಹ್ಯಾಂಗ್ ಗೊತ್ತಾಪ್ದ್! ಒಳ್ಳೆ ಮೀನಿಗಲ್ದಾ ದೂರ್ ಹೇಳಿ ಚೌಕಾಸಿ ಮಾಡುದ್? ಹಾಳ್ ಮೀನ್ ಕಂಡ್ರೆ ಲಾಯ್ಕ್ ಇತ್ತ್ ಅಂದ್ಹೇಳಿ ಮುಂದ್ ಹೋಪ್ದ್. ಸುಮ್ನೆ ಎಂತಕ್ಕ್ ಪಾಪದವ್ರ್ ಮನ್ಸ್ ನೋಯ್ಸುದ್?"

ಗಾಜಿನ ಪೆಟ್ಟಿಗೆಯ ನನ್ನ ವೀರ ಕಣ್ಣ ಮುಂದೆ ಬಂದ. ಕುಡಿಸಿದ ಚಾ ಎಲ್ಲ ನೆನಪಾಯಿತು.

ಮುತ್ತಕ್ಕ ಅಲ್ಲಿಗೇ ಬಿಡಲಿಲ್ಲ. ಮೆಲ್ಲಗೆ ಕೇಳಿದಳು: "ನೀ ಬಂದ್ ಕೂಡ್ಲೆ ನಂಗೆಂತ ಹೇಳ್ದೆ?"

ಇವಳು ಹೋಗಿಬಿಡುತ್ತಾಳೆಂದು ಆಗಲೇ ಎದೆಗೆ ತಟ್ಟಿದ್ದು. ಹೇಗೋ ಬಾಯಿ ತೆರೆದೆ. "ಎಂತದೂ ಲಾಯ್ಕ್ ಇಲ್ಲ. ಕಣ್ ಮಾಸಿತ್ತ್, ಕೆನ್ನಿ ಒಳ್ಗ್ ಹೋಯ್ತ್, ಬಾಯಿ ಒಂದ್ ಜೋರಿತ್ತ್. ನನ್ ಡಬ್ಬ ಎಲ್ಲ ಹರ್ದ್ ಹಾಳ್ ಮಾಡಿದ್ ಹೆಂಗ್ಸ್ ನೀನ್."

"ಹಾಂ, ಈಗ್ ನೀ ವ್ಯಾಪಾರಕ್ಕ್ ಬಂದೆ ಕಾಣ್" ಎಂದು ನನ್ನ ಕೈ ಹಿಡಿದುಕೊಂಡಳು.

ಹೆಚ್ಚು ದಿನ ಉಳಿಯಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಅಂಗಳದಲ್ಲಿ ಕೂತವರೆಲ್ಲ ಅವಳನ್ನು ಹೊಗಳಿದರು. ನನ್ನ ಸರದಿ ಬಂದಾಗ, "ಮಹಾ ತಗಾದೆಯವಳು, ಒಂದು ದಿನವೂ ನನ್ನ ಒಂದು ಮಾಲನ್ನೂ ಒಪ್ಪಿದವಳಲ್ಲ" ಎಂದೆ. ಜನ ಮುಖ ಮುಖ ನೋಡಿಕೊಂಡರು. ಒಳಗಿನಿಂದ ಅವಳ ಮಗಳೊಬ್ಬಳೇ ನಕ್ಕದ್ದು ಕೇಳಿಸಿತು, ಆಮೇಲೆ ಅತ್ತದ್ದು.