ತಂಗಿಯ ಎರಡನೇ ರಕ್ತ

ಐವತ್ತೇಳರ ಬೇಸಿಗೆಯಲ್ಲಿ ಸೊರಬದಿಂದ ಶಿವಮೊಗ್ಗದವರೆಗೆ ಬಸ್ಸಿನವರೆಲ್ಲ ನನ್ನನ್ನು ಐಸಿನವನು ಅಂತಲೇ ಕರೆಯುತ್ತಿದ್ದರು. ನನಗೆ ಅದರಲ್ಲಿ ಬೇಸರವಿರಲಿಲ್ಲ. ನಮ್ಮೂರಲ್ಲಿ ಐಸನ್ನು ಕಣ್ಣಾರೆ ಕಂಡವರು ಕಡಿಮೆ. ಅದನ್ನು ಶಿವಮೊಗ್ಗದ ಸೋಡಾ ಕಾರ್ಖಾನೆಯಿಂದ ಎತ್ತಿಕೊಂಡು, ಮರದ ಹೊಟ್ಟಿನಲ್ಲಿ ಹೂತು, ಗೋಣಿಚೀಲ ಸುತ್ತಿ, ಸುಡುವ ಬಿಸಿಲಲ್ಲಿ ಶಿಕಾರಿಪುರ ದಾಟಿಸಿ ಸೊರಬಕ್ಕೆ ಮುಟ್ಟಿಸುತ್ತಿದ್ದವನು ನಾನು. ಕೆಲಸ ಯಾವುದೇ ಇರಲಿ, ಇನ್ನೊಬ್ಬರು ಬಂದು ತಿದ್ದುವ ಹಾಗೆ ಮಾಡಿದವನಲ್ಲ ನಾನು. ಈಗಲೂ ಹಸಿ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿದರೆ ಮೊಣಕಾಲು ತಣ್ಣಗಾದಂತಾಗುತ್ತದೆ. ಬಸ್ಸಿನಲ್ಲಿ ಆ ಮೂಟೆ ನನ್ನ ಕಾಲಿಗೆ ಒರಗಿಕೊಂಡೇ ಬರುತ್ತಿತ್ತು. ಕರಗಿದ ನೀರು ಸೀಟಿನ ಕೆಳಗೆ ಹರಿದರೆ ಕಂಡಕ್ಟರ್, "ರೀ ಐಸಿನವ್ರೇ, ನಿಮ್ಮ ಕೂಸು ಮತ್ತೆ ಉಚ್ಚೆ ಹೊಯ್ದೈತಿ ನೋಡ್ರಿ" ಅನ್ನುತ್ತಿದ್ದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಆ ವರ್ಷ ನಮ್ಮ ಕಾಡುಗಳಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸೌದೆಗೆ, ಸೊಪ್ಪಿಗೆ ಹೋದವರು ಜ್ವರ ಹೊತ್ತುಕೊಂಡು ಬರುತ್ತಿದ್ದರು. ಕಣ್ಣು ಕೆಂಡದ ಹಾಗೆ, ಸೊಂಟ ಮುರಿದ ಹಾಗೆ ನೋವು, ಕೆಲವರಿಗೆ ವಸಡಿನಲ್ಲಿ ರಕ್ತ. ಕೆಲವರು ಮತ್ತೆ ಏಳಲಿಲ್ಲ. ಜನ ಅದಕ್ಕೆ ಮಂಗನ ಕಾಯಿಲೆ ಅಂದರು. ಅದೇನೆಂದು ಕಂಡುಹಿಡಿಯಲು ಪುಣೆಯಿಂದ ಡಾಕ್ಟರರು ಬಂದು ಸೊರಬದಲ್ಲಿ ಬಿಡಾರ ಹೂಡಿದರು. ಅವರು ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗಿ, ಅದಕ್ಕೆ ಹತ್ತಿದ ಉಣುಗುಗಳನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ ಹಾಕುತ್ತಿದ್ದರು. ದನದ ಮೈಯ ಉಣುಗನ್ನು ಕಿತ್ತು ಬಿಸಾಡುವ ನಮ್ಮವರಿಗೆ ಇದು ದೊಡ್ಡ ತಮಾಷೆ. "ಪುಣೆಯಿಂದ ಕಾಡಿನ ನೆಲ ಒರೆಸೋಕೆ ಬಂದಿದಾರೆ ಮಾರಾಯ" ಅನ್ನುತ್ತಿದ್ದರು.

ಜ್ವರ ಬಂದವರ ರಕ್ತ ತೆಗೆದು, ಅದರ ತಿಳಿಯನ್ನು ಬೇರೆ ಮಾಡಿ, ಐಸಿನ ಪೆಟ್ಟಿಗೆಯಲ್ಲಿಟ್ಟು ಪುಣೆಗೆ ಕಳಿಸಬೇಕು. ಅದಕ್ಕೆ ಐಸು ತರುವುದು, ಆ ಪೆಟ್ಟಿಗೆಯನ್ನು ಶಿವಮೊಗ್ಗದಲ್ಲಿ ರೈಲಿಗೆ ಏರಿಸುವುದು ಬಿಡಾರದವರು ನನಗೆ ಕೊಟ್ಟ ಕೆಲಸ. ಪುಣೆಯಲ್ಲಿ ಕಣ್ಣು ಬಿಡದ ಇಲಿಮರಿಗಳಿಗೆ ಅದನ್ನು ಚುಚ್ಚಿ ನೋಡುತ್ತಾರೆ ಅಂತ ನನಗೆ ಹೇಳಿದವರು ಧಾರವಾಡದ ಕಡೆಯ ಒಬ್ಬ ಡಾಕ್ಟರರು. ಆ ತಂಡದಲ್ಲಿ ಕನ್ನಡ ಬರುತ್ತಿದ್ದುದು ಅವರಿಗೊಬ್ಬರಿಗೇ. ಒಂದೇ ರಕ್ತ ಸಾಲದು, ಜ್ವರ ಬಿಟ್ಟು ಕೆಲವು ವಾರದ ಮೇಲೆ ಅದೇ ಮನುಷ್ಯನ ಎರಡನೇ ರಕ್ತವೂ ಬೇಕು. ಎರಡನ್ನೂ ಹೋಲಿಸಿದರೆ ಯಾವ ಜ್ವರ ಬಂದಿತ್ತೆಂದು ತಿಳಿಯುತ್ತದೆ.

ಮೊದಲನೇ ರಕ್ತ ಕೊಡಲು ಜನ ಒಪ್ಪುತ್ತಿದ್ದರು, ಜ್ವರದವನಿಗೆ ಏನು ಮಾಡಿದರೂ ಸರಿ ಅನ್ನಿಸುತ್ತದೆ. ಎರಡನೆಯದಕ್ಕೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಮ್ಮಲ್ಲಿ ಜ್ವರ ಬಿಟ್ಟವರಿಗೆ ಒಳ್ಳೆಯ ದಿನ ನೋಡಿ ತಲೆಗೆ ನೀರು ಹಾಕುತ್ತಾರೆ. ಅಲ್ಲಿಯವರೆಗೆ ಪಥ್ಯ, ಮೈಯನ್ನು ಯಾರೂ ಕೆಣಕುವ ಹಾಗಿಲ್ಲ. ಡಾಕ್ಟರರು ಜೀಪಿನಲ್ಲಿ ಬರುತ್ತಿದ್ದುದು ಸರಿಯಾಗಿ ಆ ಪಥ್ಯದ ನಡುವೆ.

ಹೀಗಿರುವಾಗ ಜ್ವರ ನಮ್ಮ ಮನೆಗೇ ಬಂತು. ತಂಗಿ ಕೊಟ್ಟಿಗೆಗೆ ತರಗೆಲೆ ತರಲು ಕಾಡಂಚಿಗೆ ಹೋಗಿದ್ದಳು. ಕೆಲವು ದಿನದಲ್ಲೇ ತಲೆನೋವು ಅಂತ ಮಲಗಿದವಳು ನೀರಿನ ಲೋಟ ಹಿಡಿಯಲಾರದಷ್ಟು ಸೋತಳು. ಅಪ್ಪ ತೀರಿಕೊಂಡ ಮೇಲೆ ಮನೆ ನನ್ನ ಹೆಗಲ ಮೇಲಿತ್ತು. ಅವಳ ಮದುವೆ ಮಾಡಿದರೆ ನನ್ನ ದೊಡ್ಡ ಜವಾಬ್ದಾರಿ ಕಳೆದ ಹಾಗೆ. ಗಂಡು ಈಸೂರು ಕಡೆಯವನು, ಹೊಲ ಮನೆ ಇದ್ದ ಒಳ್ಳೆಯ ಕುಳ. ಎಲೆ ಅಡಿಕೆ ಶಾಸ್ತ್ರ ಆಗಿಹೋಗಿತ್ತು. ಹುಡುಗ ನೋಡಲು ಬಂದಾಗ ನಮ್ಮ ಎಮ್ಮೆಗೆ ಹೆದರಿ ಜಗಲಿ ಹತ್ತಿ ನಿಂತಿದ್ದ. ಅದನ್ನು ನೆನೆದು ತಂಗಿ ಒಬ್ಬಳೇ ನಗುತ್ತಿದ್ದುದನ್ನು ನಾನು ನೋಡಿದ್ದೆ.

ಧಾರವಾಡದ ಡಾಕ್ಟರರು ನಮ್ಮ ಮನೆಗೇ ಬಂದು ಮೊದಲನೇ ರಕ್ತ ತೆಗೆದರು. ಆ ಸಲ ಶಿವಮೊಗ್ಗಕ್ಕೆ ಹೋದ ಪೆಟ್ಟಿಗೆಯಲ್ಲಿ ನನ್ನ ಮನೆಯ ರಕ್ತವೇ ಇತ್ತು. ರೈಲಿಗೆ ಏರಿಸುವವರೆಗೂ ಅದನ್ನು ತೊಡೆಯಿಂದ ಇಳಿಸಲಿಲ್ಲ.

ಸುದ್ದಿ ಕೇಳಿ ಹುಡುಗನ ಅಪ್ಪ ಬಂದರು. ಜಗಲಿ ತನಕ ಬಂದರು, ಒಳಗೆ ಬರಲಿಲ್ಲ. ಅದುವರೆಗೆ ಬಾಯ್ತುಂಬ ಬೀಗರೇ ಅನ್ನುತ್ತಿದ್ದವರು ಅವತ್ತು, "ಏನ್ರೀ, ಮಂಗನ ಜ್ವರ ಅಂತಾರಲ್ಲ ಹೌದೇನ್ರೀ" ಅಂದರು.

"ಯಾವ ಜ್ವರ ಅಂತ ಇನ್ನೂ ಗೊತ್ತಿಲ್ಲ. ರಕ್ತ ಪರೀಕ್ಷೆಗೆ ಹೋಗಿದೆ."

"ಆತು. ಪರೀಕ್ಷೆ ಆಗ್ಲಿ. ಪಾಸಾದ್ರ ಮುಂದಿನ ಮಾತು."

ನಾವು ಕೊಟ್ಟ ನೀರನ್ನೂ ಕುಡಿಯದೆ ಅವರು ಹೋದರು. ಅವ್ವ, "ಸ್ವಾತಂತ್ರ್ಯದ ಗಲಾಟೇಲಿ ಪೊಲೀಸ್ರಿಗೆ ಹೆದರದ ಈಸೂರು ಸೀಮೆಯೋರು, ನನ್ನ ಮಗಳ ಜ್ವರಕ್ಕೆ ಹೆದರಿದ್ರಲ್ಲೋ" ಅಂತ ಕಣ್ಣೊರೆಸಿಕೊಂಡಳು.

ತಂಗಿ ಉಳಿದಳು. ಜ್ವರ ಒಮ್ಮೆ ಬಿಟ್ಟು, ಮತ್ತೆ ಮರುಕಳಿಸಿ, ಕೊನೆಗೆ ಪೂರ್ತಿ ಇಳಿಯಿತು. ಆದರೆ ಎರಡನೇ ರಕ್ತ ಅಂದ ಕೂಡಲೇ ಅವ್ವ ಅಡ್ಡ ನಿಂತಳು. "ಈಗಷ್ಟೇ ಹೋದ ಜ್ವರಾನ ಮತ್ತೆ ಕೂಗಿ ಕರೀತೀಯಾ?" ಅಂದಳು.

ನಾನು ನನಗೆ ತಿಳಿದ ಹಾಗೆ ಹೇಳಿದೆ. "ಅವ್ವಾ, ನಮ್ಮ ಗದ್ದೆಗೆ ಯಾವ ಪ್ರಾಣಿ ಬಿತ್ತು ಅಂತ ಪರವೂರಿನೋರು ಕಂಡಿರಲ್ಲ. ಆದ್ರೆ ಮಾರನೇ ವಾರ ಅವರು ಬಂದು ನೋಡ್ಲಿ. ಹಂದಿ ಬಿದ್ದಿದ್ರೆ ಬೇಲಿ ಬಿಗಿ ಮಾಡಿರ್ತೀವಿ, ಹಕ್ಕಿ ಬಂದಿದ್ರೆ ಬೆದರುಬೊಂಬೆ ನಿಲ್ಲಿಸಿರ್ತೀವಿ. ಕಾವಲು ನೋಡಿದ್ರೆ ಬಂದಿದ್ದು ಯಾವ್ದು ಅಂತ ಗೊತ್ತಾಗುತ್ತೆ. ಅವಳ ರಕ್ತದಲ್ಲೂ ಈಗ ಕಾವಲು ಹಾಕಿರುತ್ತಂತೆ. ಮೊದಲನೇ ರಕ್ತ ತೆಗೆದಾಗ ಅದು ಇನ್ನೂ ಇರಲಿಲ್ಲ."

ಅವ್ವ ಒಪ್ಪಿದಳೋ ಇಲ್ಲವೋ, ಒಂದು ಮಾತು ಹೇಳಿದಳು. "ತಲೆಗೆ ನೀರು ಹಾಕೋ ತನಕ ಯಾವ ಡಾಕ್ಟ್ರೂ ಹೊಸಿಲು ದಾಟೋ ಹಾಗಿಲ್ಲ." ನಾನು ಅದನ್ನೇ ಹೋಗಿ ಹೇಳಿದೆ. ಡಾಕ್ಟರರು ಕಾದರು. ನೀರು ಹಾಕಿದ ಮಾರನೆಯ ದಿನ ಬೆಳಗ್ಗೆ, ಕೂದಲು ಇನ್ನೂ ಸೀಗೆಕಾಯಿ ವಾಸನೆ ಬೀರುತ್ತಿರುವಾಗ, ತಂಗಿ ಜಗಲಿಯಲ್ಲಿ ಕೂತು ತಾನೇ ತೋಳು ಮುಂದೆ ಮಾಡಿದಳು. ಅವ್ವ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಆಮೇಲೆ ಬಿಡಾರದವರು ಬೇರೆ ಊರುಗಳಲ್ಲೂ ಎರಡನೇ ರಕ್ತಕ್ಕೆ ಹೋಗುವ ಮುಂಚೆ, ನೀರು ಹಾಕಿ ಆಯ್ತಾ ಅಂತ ಮೊದಲು ಕೇಳಿಸುವುದನ್ನು ರೂಢಿ ಮಾಡಿಕೊಂಡರು.

ಮಳೆ ಹಿಡಿಯಿತು. ಕಾಡಿನ ಜ್ವರ ಇಳಿಮುಖವಾಯಿತು. ಅಷ್ಟರಲ್ಲಿ ಇನ್ನೊಂದು ಜ್ವರದ ಸುದ್ದಿ ಊರೂರಿಂದ ಬರತೊಡಗಿತು. ಹಡಗಿನಲ್ಲಿ ಹೊರದೇಶದಿಂದ ಬಂದಿದ್ದಂತೆ, ಹೆಸರು ಫ್ಲೂ ಅಂತೆ. ನನ್ನ ಬಸ್ಸಿನಲ್ಲೂ ಕೆಮ್ಮುವವರೇ ಜಾಸ್ತಿಯಾದರು.

ಒಂದು ಮಧ್ಯಾಹ್ನ ಐಸಿನ ಮೂಟೆ ಹೆಗಲಿಗೇರಿಸಿಕೊಂಡು ಸೊರಬದಲ್ಲಿ ಇಳಿದೆ. ಅದೇ ಬಸ್ಸು ವಾಪಸು ಹೊರಡುವುದಿತ್ತು. ಕಿಟಕಿಯಿಂದ ಒಂದು ಕೈ ನನ್ನ ತೋಳು ಹಿಡಿಯಿತು. ಹುಡುಗನ ಅಪ್ಪ. ಎತ್ತು ನೋಡಲು ಬಂದವರು ಹಾಗೇ ಡಾಕ್ಟರರ ಬಿಡಾರಕ್ಕೂ ಹೋಗಿದ್ದರಂತೆ.

"ಬೀಗರೇ, ನಾನೇ ಡಾಕ್ಟ್ರ ಬಾಯಿಂದ ಕೇಳ್ಕಂಡು ಬಂದೆ. ಹುಡುಗಿ ರಕ್ತ ಪಾಸಾಗೇತಂತ. ಇನ್ನ ದಿನ ನೋಡೋಣ್ರೀ."

ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು. ಮೂಟೆಯ ನೀರು ಬೆನ್ನ ಮೇಲೆ ಇಳಿಯುತ್ತಿದ್ದರೂ ಒಂದು ಗಳಿಗೆ ಅಲ್ಲೇ ನಿಂತೆ. ಬಿಡಾರಕ್ಕೆ ಹೋಗಿ ಡಾಕ್ಟರರನ್ನು ಕೇಳಿದೆ. "ಅವರಿಗೆ ಏನಂತ ಹೇಳಿದ್ರಿ?"

"ಪಾಸಿಟಿವ್ ಬಂದೈತಿ ಅಂದೆ. ಯಾಕಪಾ?"

"ಪಾಸಿಟಿವ್ ಅಂದ್ರೆ ಅದೇ ಕಾಯಿಲೆ ಇತ್ತು ಅಂತ ತಾನೆ?"

"ಹೌದು. ಮಂಗನ ಕಾಯಿಲೀನ. ಅನುಮಾನ ಇಲ್ಲ."

"ಅವರು ಪಾಸು ಅಂದ್ಕೊಂಡು ಹೋದ್ರು."

ಡಾಕ್ಟರರಿಗೆ ನಗು ಬಂತು. ನನ್ನ ಮುಖ ನೋಡಿ ನಿಲ್ಲಿಸಿದರು. ಅವರ ತಪ್ಪೇನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಪರೀಕ್ಷೆ ಅಂದರೆ ಶಾಲೆಯದೊಂದೇ, ಅದರಲ್ಲಿ ಇರುವುದು ಪಾಸು ಇಲ್ಲವೇ ಫೇಲು. ನಾಲ್ಕನೇ ಕ್ಲಾಸಿನ ಪರೀಕ್ಷೆಗೆ ಮುಂಚೆಯೇ ನೇಗಿಲು ಹಿಡಿದ ನಾನು ಎರಡೂ ಆಗದವನು. ಆದರೆ ಬಿಡಾರದಲ್ಲಿ ಅಷ್ಟು ದಿನ ಓಡಾಡಿ ಆ ಮಾತಿನ ಅರ್ಥ ಕಲಿತಿದ್ದೆ.

ಮನೆಗೆ ಬಂದು ಹೇಳಿದೆ. ಅವ್ವ, "ಅವರೇ ಪಾಸು ಅಂದ್ಕೊಂಡಿದಾರೆ. ನಾವು ಸುಳ್ಳು ಹೇಳಿದ್ವಾ? ಸುಮ್ನಿರು" ಅಂದಳು. ಅದೂ ನಿಜವೇ ಅನ್ನಿಸಿತು. ತಂಗಿ ಒಲೆ ಮುಂದೆ ಕೂತಿದ್ದಳು. ಅವಳು ತಿರುಗದೆಯೇ, "ಅಣ್ಣ, ಹೋಗಿ ಸರಿಯಾಗಿ ಹೇಳಿ ಬಾ" ಅಂದಳು. "ನಾಳೆ ಓದಿದೋರು ಯಾರಾದ್ರೂ ಅವರಿಗೆ ಅರ್ಥ ಹೇಳಿದ್ರೆ ಆ ಮನೇಲಿ ನಾನು ಮುಚ್ಚಿಟ್ಟು ಬಂದೋಳಾಗ್ತೀನಿ. ನನಗೆ ಬಂದಿದ್ದು ಜ್ವರ. ಕಳ್ಳತನ ಅಲ್ಲ."

"ಬೇಡ ಅಂದುಬಿಟ್ರೆ?"

"ಬೇಡ ಅನ್ನೋ ಮನೆಗೆ ಹೋಗಿ ನಾನೇನು ಮಾಡ್ಲಿ?" ಅಂದಳು. ಆಮೇಲೆ, ಚೆನ್ನಾಗಿ ಉರಿಯುತ್ತಿದ್ದ ಒಲೆಗೆ ಮತ್ತೆರಡು ಸೌದೆ ತುರುಕಿದಳು.

ಮುಂದಿನ ಸಲ ಐಸಿಗೆ ಹೋಗುವಾಗ ಶಿಕಾರಿಪುರದಲ್ಲಿ ಇಳಿದು ನಡೆದೇ ಅವರ ಊರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಯಾರ ಮುಂದೆಯೂ ತಲೆ ತಗ್ಗಿಸಿ ನಿಂತವನಲ್ಲ, ಅವತ್ತೂ ತಗ್ಗಿಸಬಾರದು ಅಂತ ನಿಶ್ಚಯ ಮಾಡಿಕೊಂಡಿದ್ದೆ. ಹೋಗಿ ನೋಡಿದರೆ ಅಷ್ಟು ದೊಡ್ಡ ಮನೆಯಲ್ಲಿ ಮನುಷ್ಯರ ಸದ್ದಿಲ್ಲ. ಕೊಟ್ಟಿಗೆಯಲ್ಲಿ ದನ ಅರಚುತ್ತಿದ್ದವು. ಪಡಸಾಲೆಯ ತುಂಬ ಕಂಬಳಿ ಹೊದ್ದು ಮಲಗಿದ್ದವರೇ. ಫ್ಲೂ ಇಡೀ ಮನೆಯನ್ನು ಒಟ್ಟಿಗೆ ಕೆಡವಿತ್ತು.

ಹುಡುಗನ ಅಪ್ಪ ಕಂಬಳಿಯಿಂದ ಮುಖ ಹೊರಗೆ ಹಾಕಿದರು. ನಾನು ಕೂರಲೂ ಇಲ್ಲ. ನಿಂತೇ ಹೇಳಿಬಿಟ್ಟೆ. "ನೀವು ಕೇಳಿಸ್ಕೊಂಡಿದ್ದು ತಪ್ಪು. ಅದು ಪಾಸು ಅಲ್ಲ, ಪಾಸಿಟಿವ್. ತಂಗಿಗೆ ಬಂದಿದ್ದು ಮಂಗನ ಕಾಯಿಲೇನೇ. ಗೊತ್ತಿದ್ದು ಸುಮ್ನಿರಬಾರದು ಅಂತ ಅವಳೇ ಕಳಿಸಿದ್ಲು."

ಅವರು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು. "ಅದು ಹತ್ತತೈತೇನ್ರೀ?"

"ಉಣುಗಿಂದ ಬರುತ್ತೆ ಅಂತಾರೆ. ಮನುಷ್ಯರಿಂದ ಮನುಷ್ಯರಿಗೆ ಬಂದಿದ್ದು ಅವರು ಕಂಡಿಲ್ಲವಂತೆ. ಮತ್ತೆ ಬರುತ್ತಾ ಅಂತ ಕೇಳಿದೆ. ಬರಲಿಕ್ಕಿಲ್ಲ, ಆದ್ರೆ ಖಾತ್ರಿ ಹೇಳೋಕೆ ಇನ್ನೂ ಕಾಲ ಬೇಕು ಅಂದ್ರು. ಇದ್ದದ್ದು ಇದ್ದ ಹಾಗೆ ಹೇಳಿದೀನಿ."

ಅವರು ಸುತ್ತ ಮಲಗಿದ್ದವರನ್ನು ಒಮ್ಮೆ ನೋಡಿದರು. "ನಮ್ದು ನೋಡ್ರಿ. ನಾ ಪ್ಯಾಟಿಗೆ ಹೋಗಿ ತಂದೆ, ಇವ್ರಿಗೆಲ್ಲ ಹಂಚಿದೆ. ನಿಮ್ಮ ಜ್ವರಕ್ಕ ಮರ್ಯಾದಿ ಆದ್ರೂ ಐತಿ, ಬಂದೋರ ಹತ್ರ ಇದ್ದು ಹೋತು." ಮೂಲೆಯ ಕಂಬಳಿಯೊಳಗಿಂದ ಯಾರೋ ನಕ್ಕು ಕೆಮ್ಮಿದರು. ಅದು ಹುಡುಗ ಅಂತ ಆಮೇಲೆ ತಿಳಿಯಿತು.

ಅವರು ಕಂಬಳಿ ಎಳೆದುಕೊಂಡು ಮತ್ತೆ ಒರಗಿದರು. ಆಮೇಲೆ ಮಾಡಿನ ಕಡೆ ನೋಡುತ್ತ, "ಅವತ್ತು ನಿಮ್ಮನಿ ನೀರು ಕುಡೀಲಿಲ್ಲ ನಾನು" ಅಂದರು. "ಇವತ್ತು ನಮ್ಮನ್ಯಾಗ ನೀರು ಕೊಡೋರೇ ಇಲ್ಲ, ಬೀಗರೇ."

ಎಲ್ಲ ತಿಳಿದ ಮೇಲೂ ಬೀಗರೇ ಅನ್ನುವ ಆ ಮಾತು ಅವರ ಬಾಯಿಂದ ಬಂತು. ನಾನು ಅಂಗಿಯ ತೋಳು ಮಡಚಿ ಒಳಗೆ ಹೋದೆ. ದನಗಳಿಗೆ ಹುಲ್ಲು ಹಾಕಿ, ಒಲೆ ಹಚ್ಚಿ, ಕೈಗೆ ಸಿಕ್ಕ ಅಕ್ಕಿ ತೊಳೆದು ಗಂಜಿ ಬೇಯಿಸಿದೆ. ಇನ್ನೊಬ್ಬರ ಮನೆಯ ಅಡುಗೆ ಒಲೆ ಮುಂದೆ ನಾನು ಕೂತದ್ದು ಅದೇ ಮೊದಲು. ಎಲ್ಲರೂ ಕುಡಿದರು. ಹೊರಡುವಾಗ ಹುಡುಗನ ಅಪ್ಪ, "ಕಾರ್ತಿಕ ಕಳೀಲಿ. ಎಲ್ಲಾರೂ ಎದ್ದು ಓಡಾಡೋ ಹಂಗ ಆಗ್ಲಿ. ಆಮ್ಯಾಲೆ ದಿನ ಗೊತ್ತು ಮಾಡೋಣ. ಹುಡುಗಿಗೆ ಹೇಳ್ರಿ" ಅಂದರು.

ಅವತ್ತು ಐಸಿನ ಕೆಲಸ ತಡವಾಗಿ, ಮನೆ ಮುಟ್ಟಿದ್ದು ಮರುದಿನ. ತಂಗಿ ಅಂಗಳದ ಆಚೆಗೇ ಬಂದು ನಿಂತಿದ್ದಳು. ಕಾರ್ತಿಕದ ಮಾತು ಹೇಳಿದೆ. ಅವಳು ಹೂಂ ಅಂದಳು ಅಷ್ಟೆ. ಮನೆಯವರೆಲ್ಲ ಮಲಗಿದ್ದುದನ್ನು, ನಾನು ಗಂಜಿ ಮಾಡಿದ್ದನ್ನು ಹೇಳಿದಾಗ ಮಾತ್ರ ಮುಖ ಎತ್ತಿದಳು.

"ಅವರು ಎದ್ದು ಕೂತಿದ್ರಾ?"

"ಯಾರು, ಅವರಪ್ಪನಾ?"

"ಅಲ್ಲ."

"ಗೋಡೆಗೆ ಒರಗಿ ಕೂತು ಕುಡಿದ. ಎರಡು ಸಲ ಹಾಕಿಸ್ಕೊಂಡ."

ಅವಳು ಬಾಗಿಲ ಕಡೆ ತಿರುಗಿದವಳು ಮತ್ತೆ ನಿಂತು, "ಗಂಜಿಗೆ ಉಪ್ಪು ಹಾಕಿದ್ಯಾ, ಅಣ್ಣ?" ಅಂತ ಕೇಳಿದಳು.